ಹಳೇ ಜಿಪ್ಸಿ, ಹೊಸ ಟೈರು

ಸ್ಪೋರ್ಟ್ಸ್ ಕಾರು ಎಂದರೆ ನೆಲಕ್ಕೆ ಹೊಟ್ಟೆ ಹಚ್ಚಿ ಓಡುವ ಎರಡು ಬಾಗಿಲಿನ ಗಾಡಿ ಎಂದುಕೊಂಡವರು ಅದನ್ನೊಮ್ಮೆ ಸಕಲೇಶಪುರದಿಂದ ಹೆತ್ತೂರು, ವನಗೂರು ದಾಟಿ ಬಿಸಿಲೆಯ ಕಡೆಗೆ ಒಯ್ಯಬೇಕು. ತೋಟದ ಮೊದಲ ಮೋರಿಯಲ್ಲೇ ಅದರ ಆಟ ಮುಗಿಯುತ್ತದೆ. ಬೆಂಗಳೂರಿನ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ‘ಸ್ಟಾರ್ಮ್’ ಎಂಬ ಫೈಬರ್ ಮೈಯ, ಎರಡೇ ಸೀಟಿನ ತೆರೆದ ಕಾರು ತಂದಿತ್ತು. ಚೆಂದದ ಗಾಡಿ. ಆದರೆ ಮಲೆನಾಡಿನ ಹುಡುಗರು ರಾತ್ರಿ ನಿದ್ದೆಗೆಟ್ಟು ಹಂಬಲಿಸಿದ್ದು ಅದಕ್ಕಲ್ಲ. ಈ ಗುಡ್ಡಗಳಲ್ಲಿ ಸ್ಪೋರ್ಟ್ಸ್ ಕಾರು ಎಂದರೆ ಮಾರುತಿ ಜಿಪ್ಸಿ.

ಇದು ಬರೀ ಅಭಿಮಾನದ ಮಾತಲ್ಲ. ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಗಳಲ್ಲಿ ರಾಷ್ಟ್ರೀಯ ರ‍್ಯಾಲಿಗಳು ನಡೆದಿವೆ. ಕೆಲವು ವರ್ಷ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತೂ ಅಲ್ಲಿಗೆ ಬಂದಿತ್ತು. ದೇಶದ ರ‍್ಯಾಲಿಗಳಲ್ಲಿ, ‘ರೇಡ್ ಡಿ ಹಿಮಾಲಯ’ದಂಥ ಗುಡ್ಡಗಾಡು ಪಂದ್ಯಗಳಲ್ಲಿ ವರ್ಷಗಟ್ಟಲೆ ಧೂಳೆಬ್ಬಿಸಿದ ಗಾಡಿ ಜಿಪ್ಸಿಯೇ. ಒಂದು ಟನ್ನಿಗೆ ತುಸು ಕಮ್ಮಿ ತೂಕ, ಗಟ್ಟಿ ಚಾಸಿ, ಹಿಂದೆ ಮುಂದೆ ಗಟ್ಟಿ ಆಕ್ಸಲ್, ನಾಲ್ಕೂ ಮೂಲೆಗೆ ಲೀಫ್ ಸ್ಪ್ರಿಂಗ್, ಬೇಕೆಂದಾಗ ಹಾಕಿಕೊಳ್ಳುವ ಫೋರ್ ವೀಲ್ ಡ್ರೈವ್. 1985ರ ಡಿಸೆಂಬರಿನಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂತು. 1993ರಲ್ಲಿ ಚಕ್ರಗಳ ನಡುವಿನ ಅಗಲ ಹೆಚ್ಚಿತು. 1996ರಲ್ಲಿ 1,298 ಸಿಸಿಯ ‘ಜಿಪ್ಸಿ ಕಿಂಗ್’, 2000ರ ಹೊತ್ತಿಗೆ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ. ಹೊಸ ಸುರಕ್ಷತೆ ಮತ್ತು ಹೊಗೆ ನಿಯಮಗಳು ಬರುವ ಹೊತ್ತಿಗೆ, 2019ರಲ್ಲಿ, ಸಾರ್ವಜನಿಕರಿಗೆ ಮಾರುವುದು ನಿಂತಿತು. ಅಲ್ಲಿಗೆ ಇವತ್ತು ಸಿಗುವ ಜಿಪ್ಸಿಯೆಲ್ಲ ಹಳೇ ಜಿಪ್ಸಿಯೇ. ನಿಂತ ಮೇಲೆ ಬೆಲೆ ಇಳಿಯುವ ಬದಲು ಏರಿತು.

ಏರಿದ ಬೆಲೆಯ ಜೊತೆಗೆ ಒಂದು ಚಟವೂ ಬಂತು. ಗಾಡಿಯನ್ನು ಮಾರಲು ಇಟ್ಟವರು ಮೊದಲು ಮಾಡಿಸುವ ಕೆಲಸ ಎರಡು: ಬಣ್ಣ ಮತ್ತು ದಪ್ಪ ಟೈರು. ಕೊಳ್ಳುವವರು ಮೊದಲು ನೋಡುವುದೂ ಅವೆರಡನ್ನೇ. ನನ್ನ ಮಟ್ಟಿಗೆ, ಹೊಳೆಯುವ ಹೊಸ ಮಡ್ ಟೈರು ಹಾಕಿಕೊಂಡು ನಿಂತ ಹಳೇ ಜಿಪ್ಸಿ ಅನುಮಾನಕ್ಕೆ ಮೊದಲ ಕಾರಣ. ಮೂವತ್ತು ವರ್ಷದ ಗಾಡಿಯ ಮುಂಭಾಗ ಹೇಗಿದೆ ಎಂದು ಹೇಳಬಲ್ಲ ಸಾಕ್ಷಿಯೆಂದರೆ ಅದರ ಸವೆದ ಟೈರು. ಅದನ್ನೇ ಬಿಚ್ಚಿ ಎಸೆದು ಹೊಸದು ಹಾಕಿದರೆ ಸಾಕ್ಷಿ ಹೋಯಿತು. ಆದ್ದರಿಂದ ಕೊಳ್ಳುವ ಮುನ್ನ ಹಳೇ ಟೈರು ನೋಡಿ, ಕೊಂಡ ಮೇಲೆ ಹೊಸ ಟೈರನ್ನು ಕಟ್ಟಕಡೆಗೆ ಹಾಕಿಸಿ ಎನ್ನುತ್ತೇನೆ. ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತಿರುಗುಮುರುಗು.

ಟೈರಿಗೆ ಬರುವ ಮೊದಲು ಗಾಡಿಯ ನೆಲ. “ಎಸ್ಟೇಟ್ ಗಾಡಿ ಸಾರ್, ಓನರ್ ಒಬ್ರೇ ಓಡ್ಸಿದ್ದು” ಎಂಬ ಮಾತು ಕೇಳಿದರೆ ಬೆಂಗಳೂರಿನಿಂದ ಬಂದವರ ಮುಖ ಅರಳುತ್ತದೆ. ನಮ್ಮ ಕಡೆಯವರು ಆ ಮಾತು ಕೇಳಿದರೆ ಹಿಂದಿನ ಸೀಟಿನ ಮ್ಯಾಟ್ ಎತ್ತುತ್ತಾರೆ. ತೋಟದ ಗಾಡಿ ಹೊತ್ತಿದ್ದು ಮನುಷ್ಯರನ್ನಷ್ಟೇ ಅಲ್ಲ. ಪೊಟ್ಯಾಷ್ ಚೀಲ ಹೊತ್ತಿರುತ್ತದೆ. ಅದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಉಪ್ಪಿನ ಜಾತಿ. ಚೀಲದಿಂದ ಉದುರಿದ ಪುಡಿ ನೆಲದ ಮೂಲೆ ಸೇರಿ ಆರಿದ್ರಾ ಮಳೆಯ ಥಂಡಿ ಹೀರಿಕೊಂಡರೆ ತಗಡಿನ ಗತಿ ಹೇಳಬೇಕಿಲ್ಲ. ಇದಕ್ಕಿಂತ ಕೆಟ್ಟದ್ದು ಬೋರ್ಡೊ ದ್ರಾವಣ. ಕಾಫಿ, ಮೆಣಸು, ಅಡಿಕೆಗೆ ಹೊಡೆಯುವ ಈ ದ್ರಾವಣಕ್ಕೆ ಬೇಕಾದ ಮೈಲುತುತ್ತ ತಾಮ್ರದ ಸಲ್ಫೇಟು. ಅದು ಕರಗಿದ ನೀರು ಕಬ್ಬಿಣದ ಮೇಲೆ ಬಿದ್ದರೆ ತಾಮ್ರ ಮೇಲೆ ಕೂತು ಕಬ್ಬಿಣ ಕರಗುತ್ತಾ ಹೋಗುತ್ತದೆ. ಅದಕ್ಕೇ ಅದನ್ನು ಕಲಸಲು ಹಿರಿಯರು ಕಬ್ಬಿಣದ ಪಾತ್ರೆ ಮುಟ್ಟುತ್ತಿರಲಿಲ್ಲ. ಆದರೆ ಡ್ರಮ್ಮು ಸಾಗಿಸಲು ಜಿಪ್ಸಿಯ ಹಿಂಭಾಗವನ್ನು ಮಾತ್ರ ಎಲ್ಲರೂ ಬಳಸಿದರು.

ಹಾಗಾಗಿ ಹಿಂದಿನ ಚಕ್ರದ ಮೇಲಿನ ಗೂಡು, ಮುಂದಿನ ಸೀಟು ಬೋಲ್ಟ್ ಆಗುವ ಜಾಗ, ಬಾಗಿಲ ಕೆಳಗಿನ ಅಂಚು, ಇಷ್ಟನ್ನು ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಪುಟ್ಟಿ ತುಂಬಿದ್ದು ಬೊದ್ದು ಸದ್ದು ಮಾಡುತ್ತದೆ. ಬಾಡಿ ತೂತಾದರೆ ಟಿಂಕರಿಂಗ್‌ನವರು ತೇಪೆ ಹಾಕುತ್ತಾರೆ, ಅದೇನೂ ದೊಡ್ಡದಲ್ಲ. ಚಾಸಿ ಕೊಳೆತಿದ್ದರೆ ಮಾತ್ರ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಸ್ಪ್ರಿಂಗ್ ಶ್ಯಾಕಲ್ ಕೂರುವ ಬ್ರಾಕೆಟ್, ಸ್ಟೇರಿಂಗ್ ಬಾಕ್ಸ್ ಕೂತಿರುವ ಜಾಗ, ಇವೆರಡರಲ್ಲಿ ಕೂದಲೆಳೆಯ ಬಿರುಕು ಅಥವಾ ಹೊಸ ವೆಲ್ಡಿಂಗ್ ಗುರುತು ಇದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ರ‍್ಯಾಲಿ ಆಡಿದ ಗಾಡಿಗಳಲ್ಲಿ ಎಂಜಿನ್, ಗೇರ್ ಬಾಕ್ಸ್ ಚೊಕ್ಕವಾಗಿದ್ದು, ಬಿರುಕು ಇಲ್ಲೇ ಇರುತ್ತದೆ.

ಇನ್ನು ಅಡಿಗೆ ನುಗ್ಗುವ ಕೆಲಸ. ಮುಂದಿನ ಚಕ್ರದ ಒಳಮಗ್ಗುಲಲ್ಲಿ ಚೆಂಡಿನಾಕಾರದ ನಕಲ್ ಇರುತ್ತದೆ. ಅದರೊಳಗೆ ಇರಬೇಕಾದ್ದು ಗ್ರೀಸು. ಆಕ್ಸಲ್ಲಿನ ಒಳಗಿನ ಆಯಿಲ್ ಸೀಲ್ ಹೋಗಿದ್ದರೆ ಹೌಸಿಂಗಿನ ಆಯಿಲ್ ಇಲ್ಲಿಗೆ ನುಗ್ಗಿ ಗ್ರೀಸಿನೊಡನೆ ಬೆರೆತು ಕಪ್ಪು ಅಂಟಾಗಿ ಚೆಂಡಿನ ಸುತ್ತ ಸೋರುತ್ತದೆ. ಮಾರುವ ಹಿಂದಿನ ದಿನ ಡೀಸೆಲ್ ಹಾಕಿ ಒರೆಸಿಟ್ಟಿರಬಹುದು. ಆದ್ದರಿಂದ ಚಕ್ರದ ರಿಮ್ಮಿನ ಒಳಮೈಯನ್ನೂ ನೋಡಿ, ಚಿಮ್ಮಿದ ಎಣ್ಣೆಯ ಗೆರೆಗಳು ಅಲ್ಲಿ ಉಳಿದಿರುತ್ತವೆ. ಸೀಲ್ ಅಗ್ಗದ ವಸ್ತು. ಆದರೆ ಸೋರಿದ್ದನ್ನು ಬಹಳ ದಿನ ಬಿಟ್ಟಿದ್ದರೆ ಒಳಗಿನ ಕಿಂಗ್‌ಪಿನ್ ಬೇರಿಂಗು ಒಣಗಿ ಸವೆದಿರುತ್ತದೆ. ಹೆದ್ದಾರಿಯಲ್ಲಿ ಐವತ್ತು–ಅರವತ್ತರ ವೇಗದಲ್ಲಿ ಒಂದು ಹಳ್ಳಕ್ಕೆ ಬಿದ್ದು ಎದ್ದ ಕೂಡಲೇ ಸ್ಟೇರಿಂಗು ಕೈಯಲ್ಲಿ ನಿಲ್ಲದಂತೆ ಗಡಗಡ ನಡುಗುವುದು ಇದರಿಂದಲೇ. ‘ಜಿಪ್ಸಿ ಅಂದ್ರೆ ಹಂಗೇ’ ಎಂದು ಸಮಾಧಾನ ಹೇಳುವವರನ್ನು ನಂಬಬೇಡಿ. ಸರಿಯಾದ ಜಿಪ್ಸಿ ನಡುಗುವುದಿಲ್ಲ.

ನೋಡುವ ಬಗೆ ಸುಲಭ. ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ. ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಆಟ ಬಂದರೆ ವೀಲ್ ಬೇರಿಂಗು ಇಲ್ಲವೇ ಕಿಂಗ್‌ಪಿನ್. ಎಡಬಲ ಹಿಡಿದಾಗ ಬಂದರೆ ಟೈ ರಾಡ್ ತುದಿಗಳು ಇಲ್ಲವೇ ಸ್ಟೇರಿಂಗ್ ಬಾಕ್ಸ್. ಸ್ಟೇರಿಂಗ್ ಡ್ಯಾಂಪರ್ ಮಾತ್ರ ಫಳಫಳ ಹೊಸದಾಗಿದ್ದು ಸುತ್ತಲಿನದೆಲ್ಲ ಹಳೆಯದಾಗಿದ್ದರೆ, ನಡುಕವನ್ನು ವಾಸಿ ಮಾಡದೆ ಅಮುಕಿಟ್ಟಿದ್ದಾರೆ ಎಂದೇ ಅರ್ಥ.

ಫೋರ್ ವೀಲ್ ತೊಡಿಸುವ ಟ್ರಾನ್ಸ್‌ಫರ್ ಕೇಸಿನ ಪರೀಕ್ಷೆ ಸಮತಟ್ಟು ಜಾಗದಲ್ಲಿ ಆಗುವುದಿಲ್ಲ. ಲೋ ಗೇರ್ ಹಾಕಿ, ಕಡಿದಾದ ಇಳಿಜಾರಿನ ಮಣ್ಣು ದಾರಿಯಲ್ಲಿ ಬ್ರೇಕ್ ಮುಟ್ಟದೆ ಎಂಜಿನ್ ಹಿಡಿತದಲ್ಲೇ ಇಳಿಸಿ. ಸವೆದ ಟ್ರಾನ್ಸ್‌ಫರ್ ಕೇಸಾದರೆ ಅರ್ಧ ದಾರಿಯಲ್ಲಿ ಲಿವರ್ ತಾನೇ ನ್ಯೂಟ್ರಲಿಗೆ ಹಾರುತ್ತದೆ. ಬಿಸಿಲೆಯ ಇಳಿಜಾರಿನಲ್ಲಿ ಹಾಗಾದರೆ ಏನಾದೀತೆಂದು ಯೋಚಿಸಿ. ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಆಕ್ಸಲ್ ಹೌಸಿಂಗುಗಳ ಆಯಿಲನ್ನು ಒಂದೊಂದು ಹನಿ ಬೆರಳಿಗೆ ತೆಗೆದುಕೊಂಡು ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಗಾಡಿ ಹೊಳೆಯಲ್ಲಿ ಆಡಿದೆ, ನೀರು ಒಳಗೆ ಹೋಗಿದೆ. ಹಿಂದಿನ ಡ್ರಮ್ ಬ್ರೇಕೂ ಹಾಗೆಯೇ. ಬಿಚ್ಚಿದರೆ ಅರ್ಧ ಬೊಗಸೆ ಒಣಗಿದ ಕೆಸರು ಉದುರುವ ಗಾಡಿಗಳಿವೆ.

ಎಂಜಿನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 1.3 ಲೀಟರಿನದು ಎಸ್ಟೀಮ್ ಕಾರಿನ ಎಂಜಿನ್ನಿನ ಬಂಧು, ಸಾಮಾನು ಸಿಗುತ್ತದೆ, ಕೈ ಹಾಕಬಲ್ಲ ಮೆಕ್ಯಾನಿಕ್ಕೂ ಸಿಗುತ್ತಾನೆ. ಹೊಗೆ, ಶಬ್ದ, ಬಿಸಿ ಇವನ್ನು ಯಾರಾದರೂ ನೋಡಬಲ್ಲರು. ಒಂದು ಮಾತ್ರ: ಬೆಳಿಗ್ಗೆ ತಣ್ಣಗಿರುವಾಗ ಹೋಗಿ, ನಿಮ್ಮೆದುರಿಗೇ ಸೆಲ್ಫ್ ಹೊಡೆಸಿ. ಆನೆ ಓಡಾಡುವ ಸೀಮೆ ಇದು. 2023ರ ಡಿಸೆಂಬರಿನಲ್ಲಿ ದಸರೆಯ ಆನೆ ಅರ್ಜುನ ಕಾಡಾನೆಯ ಕೈಯಲ್ಲಿ ಸತ್ತದ್ದು ಇಲ್ಲಿನ ಯಸಳೂರು ವಲಯದಲ್ಲೇ. ಸಂಜೆ ಆರರ ಮೇಲೆ ತೋಟದ ದಾರಿಯಲ್ಲಿ ನಿಂತು, ಮತ್ತೆ ಸ್ಟಾರ್ಟ್ ಆಗದ ಗಾಡಿ ಬರೀ ಕಿರಿಕಿರಿಯ ವಿಷಯವಲ್ಲ.

ಈಗ ಟೈರು. ಹೊಸದು ಹಾಕಿ ಮಾರುತ್ತಿದ್ದರೆ “ಹಳೇ ಟೈರ್ ಎಲ್ಲಿಟ್ಟಿದ್ದೀರಿ?” ಎಂದು ಕೇಳಿ. ತೋಟದ ಶೆಡ್ಡಿನಲ್ಲಿ ಎಲ್ಲೋ ಬಿದ್ದಿರುತ್ತವೆ. ಅದೂ ಸಿಗದಿದ್ದರೆ ಹಿಂಬಾಗಿಲಿಗೆ ನೇತುಹಾಕಿದ ಸ್ಟೆಪ್ನಿ ನೋಡಿ. ನಾಲ್ಕು ಹೊಸದು ಕೊಂಡವರು ಐದನೆಯದಕ್ಕೆ ಕೈ ಬಿಗಿ ಹಿಡಿದಿರುತ್ತಾರೆ. ಮುಂದಿನ ಟೈರಿನ ಒಂದೇ ಅಂಚು ಸವೆದು, ಕೈಯಾಡಿಸಿದರೆ ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ ಟೋ, ಅಂದರೆ ಮುಂದಿನ ಎರಡು ಚಕ್ರಗಳು ನೆಟ್ಟಗೆ ನೋಡುವ ಹೊಂದಿಕೆ, ತಪ್ಪಿದೆ. ಅದನ್ನು ಟೈ ರಾಡಿನಲ್ಲಿ ಸರಿಪಡಿಸಬಹುದು. ಆದರೆ ಗಟ್ಟಿ ಆಕ್ಸಲ್ಲಿನ ಜಿಪ್ಸಿಯಲ್ಲಿ ಕ್ಯಾಂಬರ್, ಅಂದರೆ ಚಕ್ರದ ವಾಲಿಕೆ, ತಿದ್ದುವ ಏರ್ಪಾಡೇ ಇಲ್ಲ. ಟೋ ಸರಿಯಿದ್ದೂ ಅಂಚು ತಿನ್ನುತ್ತಿದ್ದರೆ ಕಿಂಗ್‌ಪಿನ್ ಬೇರಿಂಗು ಹೋಗಿರಬೇಕು, ಇಲ್ಲವೇ ಹೌಸಿಂಗೇ ಬಾಗಿರಬೇಕು. ಅಲ್ಲಲ್ಲಿ ತಟ್ಟೆ ಹೊಡೆದಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಅಷ್ಟೆ.

ಟೈರಿನ ಮಗ್ಗುಲಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಾನೂನು ಬೇಡುವುದು 1.6 ಮಿ.ಮೀ. ಗ್ರಿಪ್ಪು, ಹಳೇ ಜಿಪ್ಸಿಯ ಟೈರಿನಲ್ಲಿ ಅದು ಧಾರಾಳವಾಗಿರುತ್ತದೆ, ಏಕೆಂದರೆ ವರ್ಷಕ್ಕೆ ಓಡಿದ್ದೇ ಸ್ವಲ್ಪ. ಗ್ರಿಪ್ಪು ಉಳಿದಿದ್ದರೂ ರಬ್ಬರು ಗಟ್ಟಿಯಾಗಿ ಮಗ್ಗುಲಲ್ಲಿ ಸೀಳು ಬಿಟ್ಟಿರುತ್ತದೆ. ಅಂಥ ಟೈರು ಒದ್ದೆ ಡಾಂಬರಿನ ಮೇಲೆ ಹಿಡಿಯುವುದಿಲ್ಲ. ಹತ್ತು ವರ್ಷ ದಾಟಿದ್ದನ್ನು ನೋಡಲು ಎಷ್ಟೇ ಚೆನ್ನಾಗಿದ್ದರೂ ಇಟ್ಟುಕೊಳ್ಳಬೇಡಿ.

ಅಳತೆಯ ವಿಷಯಕ್ಕೆ ಬಂದರೆ ಗೆಳೆಯರ ಸಲಹೆ ಒಂದೇ: “ದೊಡ್ಡದು ಹಾಕ್ಸು ಮಗಾ, ಲುಕ್ ಬರುತ್ತೆ.” ಲೆಕ್ಕ ಹಾಕಿ ನೋಡೋಣ. ಜಿಪ್ಸಿ ಕಿಂಗ್‌ಗೆ ಬಂದ ರೇಡಿಯಲ್ ಅಳತೆ 205/70 ಆರ್15. ಇದರ ಒಟ್ಟು ಎತ್ತರ ಸುಮಾರು 668 ಮಿ.ಮೀ. ಜನ ಮೊದಲು ಏರುವ ಮೆಟ್ಟಿಲು 215/75 ಆರ್15. ಅದು 703 ಮಿ.ಮೀ. ಅಂದರೆ ನೂರಕ್ಕೆ ಐದಕ್ಕಿಂತ ಸ್ವಲ್ಪ ಹೆಚ್ಚು. ಅದರ ಮೇಲಿನದು 235/75 ಆರ್15. ಅದು 733 ಮಿ.ಮೀ., ಹತ್ತಿರ ಹತ್ತಿರ ನೂರಕ್ಕೆ ಹತ್ತು. ಈ ದೊಡ್ಡದನ್ನು ಹಾಕಿದ ಗಾಡಿಯ ಮೀಟರು 60 ತೋರಿಸುವಾಗ ನಿಜದ ವೇಗ 66 ಹತ್ತಿರ. ಓಡೋಮೀಟರೂ ಅಷ್ಟೇ ಕಡಿಮೆ ತೋರಿಸುತ್ತದೆ.

ಮೀಟರಿನ ಸುಳ್ಳು ಹಾಗಿರಲಿ. ಚಕ್ರ ನೂರಕ್ಕೆ ಹತ್ತರಷ್ಟು ದೊಡ್ಡದಾದರೆ ನೆಲಕ್ಕೆ ತಲುಪುವ ಎಳೆತ ಅಷ್ಟರಮಟ್ಟಿಗೆ ಕುಗ್ಗುತ್ತದೆ, ಬ್ರೇಕಿನ ಹಿಡಿತವೂ ಕುಗ್ಗುತ್ತದೆ. 970 ಸಿಸಿಯ ಹಳೇ ಜಿಪ್ಸಿಯಲ್ಲಿ ಇದ್ದದ್ದೇ 45ರ ಆಸುಪಾಸಿನ ಕುದುರೆ ಶಕ್ತಿ. ಅದಕ್ಕೆ 235 ಹಾಕಿಸಿ ಹೆತ್ತೂರಿನ ಏರು ಹತ್ತುವಾಗ ಎರಡನೇ ಗೇರ್ ಎಳೆಯದೆ ಒಂದಕ್ಕೆ ಇಳಿಸಿ, ಕ್ಲಚ್ ಸುಟ್ಟ ವಾಸನೆ ಕುಡಿಯುವವರನ್ನು ಕಂಡಿದ್ದೇನೆ. ಸ್ಟೇರಿಂಗ್ ಪೂರಾ ತಿರುಗಿಸಿದರೆ ಟೈರು ಲೀಫ್ ಸ್ಪ್ರಿಂಗಿಗೋ ಮಡ್‌ಗಾರ್ಡಿಗೋ ಉಜ್ಜುತ್ತದೆ. ಅದನ್ನು ತಪ್ಪಿಸಲು ಗಾಡಿ ಎತ್ತರಿಸುತ್ತಾರೆ. ಎತ್ತರಿಸಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಕ್ರಾಸುಗಳು ಹೋಗುತ್ತವೆ, ಬ್ರೇಕ್ ಹೋಸ್ ಬಿಗಿಯುತ್ತದೆ, ತಿರುವಿನಲ್ಲಿ ಮೊದಲೇ ಓಲಾಡುವ ಗಾಡಿ ಇನ್ನಷ್ಟು ವಾಲುತ್ತದೆ. ಭಾರದ ಸ್ಟೆಪ್ನಿ ಹೊತ್ತ ಹಿಂಬಾಗಿಲಿನ ಕೀಲು ಜೋತು ಬೀಳುತ್ತದೆ. ಇಷ್ಟೆಲ್ಲ ಮಾಡಿ ಗಳಿಸಿದ್ದೇನು? ಕಲ್ಲಿಗೆ ಮೊದಲು ತಾಗುವುದು ಆಕ್ಸಲ್ಲಿನ ನಡುವಿನ ಗುಂಡು. ಲಿಫ್ಟ್ ಕಿಟ್ ಬಾಡಿಯನ್ನು ಎತ್ತುತ್ತದೆಯೇ ಹೊರತು ಆಕ್ಸಲ್ಲನ್ನಲ್ಲ. ಆಕ್ಸಲ್ಲನ್ನು ಎತ್ತುವುದು ಟೈರು ಮಾತ್ರ, ಅದೂ ಹೆಚ್ಚಿದ ಎತ್ತರದ ಅರ್ಧದಷ್ಟು: 215ಕ್ಕೆ ಸುಮಾರು 18 ಮಿ.ಮೀ., 235ಕ್ಕೆ 33 ಮಿ.ಮೀ.

ನನ್ನ ಒಲವು 215/75ರ ಕಡೆಗೆ, ಅದೂ 1.3 ಎಂಜಿನ್ನಿಗೆ ಮಾತ್ರ. 970 ಸಿಸಿಗೆ ಕಂಪನಿಯ ಅಳತೆಯೇ ಸರಿ.

ಅಗಲದ ಬಗ್ಗೆ ತೋಟದ ಹಳೇ ಡ್ರೈವರುಗಳನ್ನು ಕೇಳಬೇಕು. ವಿಲ್ಲಿಸ್ ಕಾಲದಿಂದ ಇಲ್ಲಿನ ಜೀಪುಗಳು ಓಡಿದ್ದು 6.00-16ರ ಸಣಕಲು ಟೈರಿನಲ್ಲಿ. ಪುಷ್ಯ ಮಳೆಯಲ್ಲಿ ತೋಟದ ದಾರಿಯ ಮೇಲ್ಪದರ ಗೊಜ್ಜಾಗಿರುತ್ತದೆ, ಅದರಡಿ ಗಟ್ಟಿ ನೆಲ ಇರುತ್ತದೆ. ಸಣ್ಣ ಟೈರು ಗೊಜ್ಜನ್ನು ಸೀಳಿಕೊಂಡು ಗಟ್ಟಿ ನೆಲ ಮುಟ್ಟುತ್ತದೆ. ಅಗಲದ್ದು ಮೇಲೇ ತೇಲಿ ಜಾರುತ್ತದೆ. ಮರಳುಗಾಡಿಗೆ ಸರಿಹೋಗುವ ಅಗಲ ಮಲೆನಾಡಿನ ಕೆಸರಿಗೆ ಸರಿಯಲ್ಲ. 2023ರಲ್ಲಿ ಬಂದ ಹೊಸ ಜಿಮ್ನಿಗೂ ಸುಜುಕಿಯವರು ಕೊಟ್ಟಿದ್ದು 195/80 ಆರ್15 ಎಂಬ ಸಪೂರ, ಎತ್ತರದ ಟೈರು ಎಂಬುದು ಗಮನಿಸತಕ್ಕದ್ದು.

ಈ ಜಿಮ್ನಿಯಿಂದ ಹಳೇ ಜಿಪ್ಸಿಗಳಿಗೆ ಇನ್ನೊಂದು ದಾರಿ ತೆರೆಯಿತು. ಹೊಸ ಜಿಮ್ನಿ ಕೊಂಡವರು ಕಂಪನಿಯ ಅಲಾಯ್ ಬಿಚ್ಚಿ ಮಾರುತ್ತಾರೆ, ಜಿಪ್ಸಿಯವರು ಕೊಳ್ಳುತ್ತಾರೆ. ಎರಡಕ್ಕೂ ಐದು ಬೋಲ್ಟು, 139.7 ಮಿ.ಮೀ. ವ್ಯಾಸದ ವೃತ್ತದಲ್ಲಿ. ಹಳೇ ವಿಲ್ಲಿಸ್ ಜೀಪಿಗೂ ಇದೇ ಅಳತೆ. ಆದರೆ ತೂತು ಕೂತಿತೆಂದು ಚಕ್ರ ಕೂತಂತಲ್ಲ. ನಡುವಿನ ರಂಧ್ರಕ್ಕೆ ಹಬ್ ಸರಿಯಾಗಿ ಹೊಂದಬೇಕು, ಆಫ್‌ಸೆಟ್ ನೋಡಬೇಕು, ಅಲಾಯ್‌ಗೆ ತಕ್ಕ ನಟ್ ಬೇಕು. ಆಫ್‌ಸೆಟ್ ತಪ್ಪಿ ಚಕ್ರ ಹೊರಚಾಚಿದರೆ ಬೇರಿಂಗಿಗೂ ಕಿಂಗ್‌ಪಿನ್ನಿಗೂ ಹೊರೆ ಹೆಚ್ಚುತ್ತದೆ. ಮೇಲೆ ಹೇಳಿದ ನಡುಕ ಮತ್ತೆ ಬರುತ್ತದೆ. ಟ್ಯೂಬ್ ಟೈರಿಗೆಂದು ಮಾಡಿದ ಹಳೇ ಕಬ್ಬಿಣದ ರಿಮ್ಮಿಗೆ ಟ್ಯೂಬ್‌ಲೆಸ್ ಹಾಕಿಸುವುದು ಇನ್ನೊಂದು ತಪ್ಪು. ಟೈರಿನ ಅಂಚನ್ನು ತಡೆದು ಹಿಡಿಯುವ ಉಬ್ಬು ಆ ರಿಮ್ಮಿನಲ್ಲಿ ಇರುವುದಿಲ್ಲ. ಕೆಸರಿಗೆಂದು ಗಾಳಿ ಇಳಿಸಿದಾಗ ತಿರುವಿನಲ್ಲಿ ಟೈರು ರಿಮ್ ಬಿಟ್ಟು ಕಳಚಿಕೊಳ್ಳುತ್ತದೆ.

ಯಾವ ಗ್ರಿಪ್ಪು ಎಂಬುದು ನೀವು ಎಲ್ಲಿ ಓಡಿಸುತ್ತೀರಿ ಎಂಬುದರ ಮೇಲೆ. ಆಲೂರಿನ ಕಡೆ, ಮಗ್ಗೆ, ಪಾಳ್ಯದ ಸುತ್ತ ಅರೆಮಲೆನಾಡು. ಮಳೆ ಕಮ್ಮಿ, ಡಾಂಬರು ಹೆಚ್ಚು. ಅಲ್ಲಿಂದ ಪಶ್ಚಿಮಕ್ಕೆ ಹಾನುಬಾಳು, ಹೆತ್ತೂರಿನತ್ತ ಸರಿದಂತೆ ಮಳೆಯೂ ಕೆಸರೂ ಏರುತ್ತವೆ. ಹೆತ್ತೂರಿನಲ್ಲಿ ತೋಟವಿದ್ದು, ಗೊಬ್ಬರ ಗೋಡೌನಿನಿಂದ ಕಣದವರೆಗೆ ಓಡಿಸುವವರಿಗೆ ಮಡ್ ಟೈರು ಬೇಕೇ ಬೇಕು. ಬೆಂಗಳೂರಿನಿಂದ 220 ಕಿ.ಮೀ. ಹೆದ್ದಾರಿಯಲ್ಲಿ ಬಂದು, ಹತ್ತು ಕಿ.ಮೀ. ಮಣ್ಣು ದಾರಿ ಸುತ್ತಿ ಹಿಂದಿರುಗುವವರಿಗೆ ಅದು ಬೇಡ. ದೂರ ದೂರದ ದಪ್ಪ ಗಟ್ಟೆಗಳಿರುವ ಟೈರು ಶಿರಾಡಿ ಘಾಟಿಯ ಒದ್ದೆ ರಸ್ತೆಯಲ್ಲಿ ಹಿಡಿತಕ್ಕಿಂತ ಸದ್ದನ್ನೇ ಹೆಚ್ಚು ಮಾಡುತ್ತದೆ. ಅವರಿಗೆ ಆಲ್ ಟೆರೇನ್ ಸಾಕು. ಯಾರೇ ಆಗಲಿ, ನಾಲ್ಕೂ ಒಂದೇ ಅಳತೆ, ಒಂದೇ ಜಾತಿ ಇರಲಿ. ರೇಡಿಯಲ್ ಮತ್ತು ಹಳೇ ನೈಲಾನ್ ಟೈರು ಬೆರಕೆ ಬೇಡ. ಜಿಪ್ಸಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ. ಮುಂದೆ ಸವೆದದ್ದು, ಹಿಂದೆ ಹೊಸದು ಹಾಕಿ ಫೋರ್ ವೀಲ್ ತೊಡಿಸಿದರೆ ಎರಡೂ ಆಕ್ಸಲ್ಲುಗಳು ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸು ತಿರುಚುತ್ತದೆ. ಗಟ್ಟಿ ಡಾಂಬರಿನ ಮೇಲೆ ಫೋರ್ ವೀಲ್ ಹಾಕಬಾರದು ಎನ್ನುವುದೂ ಇದಕ್ಕೇ.

ಕಾಗದಪತ್ರದ ಮಾತು ಬೇಸರದ್ದು, ಆದರೂ ಬಿಡುವಂತಿಲ್ಲ. ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಗಾಡಿಯ ಮೇಲೆ ಕೊರೆದದ್ದಕ್ಕೆ ಹೊಂದಬೇಕು. 970 ಸಿಸಿಯ ಜಿಪ್ಸಿಗೆ ಬೇರೆ ಎಂಜಿನ್ ಕೂರಿಸಿ ದಾಖಲೆಗೆ ತರದೆ ಬಿಟ್ಟವರು ಎಷ್ಟೋ ಜನ. ಕಂಪನಿ ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಬಗ್ಗೆ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಖಡಾಖಂಡಿತವಾಗಿ ಹೇಳಿದೆ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2022ರಲ್ಲಿ ಇದರ ಶುಲ್ಕ 5,000 ರೂಪಾಯಿಗೆ ಏರಿತ್ತು. 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದವಕ್ಕೆ 10,000 ಆಯಿತು. ಹಸಿರು ತೆರಿಗೆ ಬೇರೆ. ಕೆಎ-46 ಸಕಲೇಶಪುರದ್ದು, ಕೆಎ-13 ಹಾಸನದ್ದು. ಸ್ಥಳೀಯ ಗಾಡಿಯಾದರೆ ಹಳೇ ಮಾಲೀಕರನ್ನೂ ಮೆಕ್ಯಾನಿಕ್ಕನ್ನೂ ಹುಡುಕಿ ಮಾತಾಡಿಸುವುದು ಸುಲಭ. ಇನ್ನು ‘ಮಿಲಿಟರಿ ಗಾಡಿ’ ಎಂದು ಮಾರಾಟಕ್ಕಿರುವ ಜಿಪ್ಸಿಗಳನ್ನೆಲ್ಲ ಎಣಿಸಿದರೆ ನಮ್ಮ ಸೈನ್ಯ ಕಾಲ್ನಡಿಗೆಯಲ್ಲೇ ಓಡಾಡಬೇಕಾಗುತ್ತದೆ. ಸೇನೆಯ ಹರಾಜಿನ ಕಾಗದ ತೋರಿಸಿದರೆ ಮಾತ್ರ ನಂಬಿ.

ಕೊಂಡಿರೆನ್ನಿ. ಮೊದಲ ತಿಂಗಳು ಹಣ ಹೋಗಬೇಕಾದ್ದು ಕಣ್ಣಿಗೆ ಕಾಣದ ಕಡೆಗೆ: ಎಲ್ಲ ಆಯಿಲುಗಳು, ನಕಲ್ ಸೀಲುಗಳು, ಕಿಂಗ್‌ಪಿನ್ ಬೇರಿಂಗು, ಬ್ರೇಕ್ ಹೋಸುಗಳು, ಸ್ಪ್ರಿಂಗ್ ಬುಷ್‌ಗಳು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳು. ಹೊಳೆ ದಾಟುವವರಾದರೆ ಹೌಸಿಂಗಿನ ಬ್ರೀದರ್ ಪೈಪನ್ನು ಮೇಲಕ್ಕೆ ಎತ್ತಿ ಕಟ್ಟಿಸಿ. ಹಳೇ ಟೈರು ಅಪಾಯದ ಸ್ಥಿತಿಯಲ್ಲಿ ಇಲ್ಲದಿದ್ದರೆ ಒಂದಷ್ಟು ದಿನ ಅದರಲ್ಲೇ ಓಡಿಸಿ, ಸವೆತ ನಿಂತಿತೇ ನೋಡಿ, ಆಮೇಲೆ ಹೊಸದಕ್ಕೆ ಕೈ ಹಾಕಿ. ಮುಂಭಾಗ ಸರಿಯಾಗದೆ ಹಾಕಿದ ದುಬಾರಿ ಟೈರನ್ನು ಗಾಡಿ ಒಂದೇ ಮಳೆಗಾಲದಲ್ಲಿ ತಿಂದು ಮುಗಿಸುತ್ತದೆ. ಹಾಕಿಸುವಾಗ ಐದು ಕೊಳ್ಳಿ. ಸ್ಟೆಪ್ನಿಯ ಅಳತೆ ಬೇರೆಯಿದ್ದರೆ ಕೆಸರಿನಲ್ಲಿ ಪಂಕ್ಚರಾದ ದಿನ ಫೋರ್ ವೀಲ್ ಹಾಕುವಂತಿಲ್ಲ. ಟೈರಿಗೆ ಗಾಳಿ ಕಂಪನಿ ಹೇಳಿದಷ್ಟೇ ಇರಲಿ, ಟೈರಿನ ಮೇಲೆ ಬರೆದ ಗರಿಷ್ಠ ಅಂಕಿಯಷ್ಟಲ್ಲ. ಐವತ್ತು ನೂರು ಕಿ.ಮೀ. ಓಡಿದ ಮೇಲೆ ಜಾಕ್ ಇಲ್ಲದೆಯೇ, ನೆಲದ ಮೇಲೆ ನಿಲ್ಲಿಸಿ, ಎಲ್ಲ ನಟ್‌ಗಳನ್ನು ಪಾನೆಯಿಂದ ಇನ್ನೊಮ್ಮೆ ಬಿಗಿ ಮಾಡಿ. ಅಲಾಯ್ ಹಾಕಿಸಿದ್ದರಂತೂ ಮರೆಯಬೇಡಿ, ಅವು ಕೂರಲು ಸಮಯ ತೆಗೆದುಕೊಳ್ಳುತ್ತವೆ.